ಸೆಂಟರ್ ಫಾರ್ವರ್ಡ್‌ನ ಎಕರೆವಾರು ಇಳುವರಿ

ಸರ್ಕಾರದ ಸಂಖ್ಯಾ ಇಲಾಖೆಯಲ್ಲಿ ಇರುವವನ ಮುಂದೆ ಜನ ಏನನ್ನು ಬೇಕಾದರೂ ತಂದಿಟ್ಟು "ಇದೊಂಚೂರು ಎಣ್ಸ್ಕೊಡಿ" ಅನ್ನುತ್ತಾರೆ. ನಾನು ಕೆಲಸಕ್ಕೆ ಸೇರಿದ ವಾರದಿಂದಲೂ ಇದು ಆಗುತ್ತಲೇ ಇದೆ. ಕುರಿ, ಕೊಳವೆಬಾವಿ, ತೆಂಗಿನಮರ ಇವೆಲ್ಲ ನನ್ನ ಕೆಲಸವೇ, ದೂರಿಲ್ಲ. ಆದರೆ ತಗಡೂರಿನಲ್ಲಿ ದನಗಳ ಗಣತಿ ಬರೆಯುತ್ತಿದ್ದಾಗ ಒಬ್ಬ ಅಜ್ಜಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಮೊಮ್ಮಗಳ ಮದುವೆ ಊಟದ ಎಂಜಲೆಲೆಗಳ ರಾಶಿ ತೋರಿಸಿ, ಎಷ್ಟು ಜನ ಉಂಡರೋ ಎಣಿಸಿ ಹೇಳು ಅಂದಿದ್ದರು. ಮೂಗು ಮುಚ್ಚಿಕೊಂಡು ಎಣಿಸಿ ಹೇಳಿದೆ.

"ಒಂದ್ ಕಮ್ಮಿ ಅದೆ" ಅಂದರು ಅಜ್ಜಿ.

"ಇಲ್ಲಮ್ಮ, ಎರಡು ಸಲ ಎಣಿಸಿದ್ದೀನಿ."

"ನಿಂದೆಲ್ಲಿ ಸೇರ್ಸ್ದೆ? ಕುಂತ್ಕೊ, ಬಡುಸ್ತೀನಿ."

ಇಂಥವು ಇನ್ನೂ ಇವೆ. ಆದರೆ ಜೀವಂತ ಮನುಷ್ಯನೊಬ್ಬನನ್ನು ತೋರಿಸಿ, ಈತನಿಂದ ಎಷ್ಟು ಉಪಯೋಗ, ಅಂಕಿಯಲ್ಲಿ ಬರೆದುಕೊಡಿ ಅಂತ ಕೇಳಿದ್ದು ಒಂದೇ ಸಲ. ಅದನ್ನು ಬರೆದುಕೊಟ್ಟು ನಾನು ಪಟ್ಟ ಪಾಡು ಹೇಳುತ್ತೇನೆ.

ಯಾರ ಮನಸ್ಸೂ ನೋಯಬಾರದು

ನಮ್ಮ ನಂಜನಗೂಡು ತಾಲ್ಲೂಕಿನ ಸರ್ಕಾರಿ ನೌಕರರಿಗೆ ಒಂದು ಹಾಕಿ ತಂಡವಿದೆ. ವರ್ಷಕ್ಕೊಮ್ಮೆ ಕ್ರೀಡಾಕೂಟದಲ್ಲಿ ಟಿ. ನರಸೀಪುರದ ನೌಕರರ ಎದುರು ಆಡುತ್ತೇವೆ. ಗೆದ್ದವರು ಮೈಸೂರಿಗೆ ಹೋಗಿ ಜಿಲ್ಲಾ ಮಟ್ಟದಲ್ಲಿ ಸೋಲಬಹುದು. ಕೊಡಗಿನಿಂದ ವರ್ಗವಾಗಿ ಬಂದ ದೈಹಿಕ ಶಿಕ್ಷಕರೊಬ್ಬರು ಈ ತಂಡ ಕಟ್ಟಿದವರು. ಇಲ್ಲಿ ಯಾರ ಮನೆಯಲ್ಲೂ ಹಾಕಿ ಸ್ಟಿಕ್ ಇಲ್ಲವೆಂದು ತಿಳಿದಾಗ ಅವರಿಗೆ ಎರಡು ದಿನ ಊಟ ಸೇರಿರಲಿಲ್ಲವಂತೆ. ಅವರೇ ಕ್ಯಾಪ್ಟನ್.

ಒಂದು ಮಧ್ಯಾಹ್ನ ಕ್ಯಾಪ್ಟನ್ ನನ್ನ ಮೇಜಿನ ಮುಂದೆ ಬಂದು ಕೂತರು. "ನಮ್ಮ ಸೆಂಟರ್ ಫಾರ್ವರ್ಡ್ ಬಗ್ಗೆ ಒಂದು ರಿಪೋರ್ಟ್ ಬೇಕು" ಅಂದರು.

ಸೆಂಟರ್ ಫಾರ್ವರ್ಡ್ ಅಂದರೆ ದನದಾಸ್ಪತ್ರೆಯ ಕಾಂಪೌಂಡರು. ಹೆಡತಲೆ ಊರಿನವರು. ದನಕ್ಕೆ ಔಷಧ ಕೊಡುವವರನ್ನೆಲ್ಲ ನಮ್ಮ ಕಡೆ ಡಾಕ್ಟ್ರು ಅಂತಲೇ ಕರೆಯುವುದರಿಂದ ಊರಿಗೆಲ್ಲ ಅವರು ಡಾಕ್ಟ್ರು. ಆಟದಲ್ಲಿ ಅವರ ಜವಾಬ್ದಾರಿ ಎದುರಾಳಿಯ ಗೋಲಿನ ಮುಂದೆ ನಿಂತು ಗೋಲು ಹೊಡೆಯುವುದು. ಹನ್ನೊಂದು ವರ್ಷದಿಂದ ನಿಂತಿದ್ದರು. ಹೊಡೆದಿರಲಿಲ್ಲ.

"ಅದಕ್ಕೆ ರಿಪೋರ್ಟ್ ಯಾಕೆ ಸರ್? ಅವರನ್ನ ಕೂರಿಸಿ, ಬೇರೆಯವರನ್ನ ಹಾಕಿಕೊಳ್ಳಿ" ಅಂದೆ.

ಕ್ಯಾಪ್ಟನ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಹೇಳೋರು ಯಾರು? ತಂಡದಲ್ಲಿ ಒಂಬತ್ತು ಜನರ ಮನೇಲಿ ಹಸು ಇದೆ."

ನನಗೆ ಅರ್ಥವಾಯಿತು. ನಮ್ಮ ಕಡೆ ಅಣ್ಣತಮ್ಮಂದಿರ ಜೊತೆ ಮಾತು ಬಿಡುತ್ತಾರೆ, ಬೀಗರ ಜೊತೆ ಜಗಳವಾಡುತ್ತಾರೆ. ಆದರೆ ಹಸು ಹೊಟ್ಟೆ ಉಬ್ಬರಿಸಿಕೊಂಡು ಮಲಗಿದಾಗ ಫೋನ್ ಮಾಡಿದ ಕೂಡಲೇ ಬೈಕ್ ಹತ್ತುವವರ ಜೊತೆ ನಿಷ್ಠುರ ಕಟ್ಟಿಕೊಳ್ಳಲು ಯಾರೂ ತಯಾರಿಲ್ಲ.

"ನಾವು ಬಾಯಲ್ಲಿ ಹೇಳಿದರೆ ಮನಸ್ಸಿಗೆ ನೋವು. ಅಂಕಿ ಹೇಳಿದರೆ ಯಾರ ಮೇಲೂ ಬೇಜಾರಿಲ್ಲ, ನೋಡಿ. ನಿಮ್ಮ ಮನೇಲಿ ಹಸು ಇಲ್ಲ ತಾನೇ?"

"ಇಲ್ಲ."

"ಎಮ್ಮೆ?"

"ಅದೂ ಇಲ್ಲ. ನಂದಿನಿ ಪ್ಯಾಕೆಟ್ ತರ್ತೀವಿ."

"ಅದಕ್ಕೇ ನಿಮ್ಮ ಹತ್ತಿರ ಬಂದೆ" ಅಂದರು ಕ್ಯಾಪ್ಟನ್. ಇಪ್ಪತ್ತೈದು ವರ್ಷದ ಸರ್ವೀಸಿನಲ್ಲಿ ನನ್ನ ಅರ್ಹತೆಯನ್ನು ಇಷ್ಟು ಖಚಿತವಾಗಿ ಯಾರೂ ಗುರುತಿಸಿರಲಿಲ್ಲ.

ಐದು ಮೀಟರ್ ಚೌಕ

ಒಂದು ಊರಿನ ಭತ್ತದ ಇಳುವರಿ ತಿಳಿಯಲು ಊರಿನ ಭತ್ತವನ್ನೆಲ್ಲ ಯಾರೂ ಕುಯ್ದು ತೂಗುವುದಿಲ್ಲ. ಅದಕ್ಕೆ ಬೆಳೆ ಕಟಾವು ಪ್ರಯೋಗ ಅಂತ ಇದೆ. ಲಾಟರಿ ಎತ್ತಿದ ಹಾಗೆ ಪುಸ್ತಕದಲ್ಲಿರುವ ಅಂಕಿಪಟ್ಟಿಯಿಂದ ಒಂದು ಅಂಕಿ ತೆಗೆದು, ಅದು ತೋರಿಸಿದ ಗದ್ದೆಗೆ ಹೋಗಿ, ಅದು ತೋರಿಸಿದ ಜಾಗದಲ್ಲೇ ಗೂಟ ಹೊಡೆದು, ಹಗ್ಗ ಕಟ್ಟಿ, ಐದು ಮೀಟರ್‌ಗೆ ಐದು ಮೀಟರ್ ಚೌಕ ಮಾಡಬೇಕು. ಅದರೊಳಗಿನ ಪೈರು ಕುಯ್ದು, ಬಡಿದು, ತೂಗಿದರೆ ಎಕರೆಗೆಷ್ಟು ಅಂತ ಲೆಕ್ಕ ಸಿಗುತ್ತದೆ. ಪಕ್ಕದಲ್ಲೇ ತೆನೆ ಬಾಗಿ ನಿಂತಿದ್ದರೂ ಚೌಕವನ್ನು ಒಂದು ಅಡಿ ಕೂಡ ಅತ್ತ ಸರಿಸುವಂತಿಲ್ಲ. ರೈತರು ಬೈದಿದ್ದಾರೆ, ಕಾಲಿಗೆ ಬಿದ್ದಿದ್ದಾರೆ, ನಾನು ಸರಿಸಿಲ್ಲ. ನನಗೆ ಗೊತ್ತಿರುವ ವಿಧಾನ ಇದೊಂದೇ. ಗದ್ದೆಗೆ ಸಲ್ಲುವುದು ಮೈದಾನಕ್ಕೆ ಯಾಕೆ ಸಲ್ಲಬಾರದು?

ಭಾನುವಾರದ ಅಭ್ಯಾಸಕ್ಕೆ ಗೂಟ, ಹಗ್ಗ, ಟೇಪು, ಅಂಕಿಪಟ್ಟಿ ತೆಗೆದುಕೊಂಡು ಮೈದಾನಕ್ಕೆ ಹೋದೆ. ಅಂಕಿ ಬಂದದ್ದು ಬಲಮೂಲೆಯ ಬಾವುಟದ ಹತ್ತಿರ, ಹೊಂಗೆಮರದ ನೆರಳಿಗೆ. ಗೂಟ ಹೊಡೆಯುವುದನ್ನು ನೋಡಿ ಕ್ಯಾಪ್ಟನ್ ಓಡಿ ಬಂದರು.

"ಆಟ ನಡೆಯೋದು ಇಲ್ಲಿ ಅಲ್ಲ ಮಾರಾಯ್ರೆ!"

"ಆಟ ಎಲ್ಲಿ ನಡೆಯುತ್ತೆ ಅಂತ ನೋಡಿಕೊಂಡು ಚೌಕ ಹಾಕಿದರೆ ಅದು ಪಕ್ಷಪಾತ ಸರ್" ಅಂದೆ.

ಆಟ ಶುರುವಾದ ಸ್ವಲ್ಪ ಹೊತ್ತಿಗೆ ನಮ್ಮ ವಿಂಗಿನ ಆಟಗಾರ ಚೆಂಡಿನ ಹಿಂದೆ ಓಡಿ ಬಂದು, ಹಗ್ಗಕ್ಕೆ ಕಾಲು ಸಿಕ್ಕಿ, ಚೌಕದ ಮಧ್ಯೆ ಬಿದ್ದರು. ಅಳತೆ ಮಾಡುವ ಬೆಳೆಯಲ್ಲದೆ ಬೇರೇನಾದರೂ ಚೌಕದೊಳಗೆ ಇದ್ದರೆ ಅದನ್ನು ಕಳೆ ಎಂದು ತೆಗೆದಿಡಬೇಕು, ಇಳುವರಿಗೆ ಸೇರಿಸಬಾರದು. ಅವರನ್ನು ಎತ್ತಿ ಹಗ್ಗದ ಆಚೆ ಮಲಗಿಸಿದೆ.

ಐವತ್ತು ನಿಮಿಷದ ಆಟದಲ್ಲಿ ಕಾಂಪೌಂಡರು ಚೌಕದೊಳಗೆ ಬಂದದ್ದು ಒಂದೇ ಸಲ. ನೆರಳಿನಲ್ಲಿ ಕೂತು ಶೂ ಲೇಸು ಬಿಚ್ಚಿ, ಮತ್ತೆ ಕಟ್ಟಿ, ಗೂಟವನ್ನೂ ನನ್ನನ್ನೂ ನೋಡಿ, "ಏನ್ ಸಾ, ಇಲ್ಲೂ ಬತ್ತ ಆಕಿದ್ದಾರಾ?" ಅಂತ ಕೇಳಿ ಎದ್ದು ಹೋದರು. ಅದನ್ನು ಹಾಗೇ ಬರೆದುಕೊಂಡೆ.

ಇನ್ನು ತೂಕ. ಭತ್ತವನ್ನು ಕುಯ್ದ ದಿನ ಹಸಿ ತೂಕ, ಒಣಗಿಸಿದ ಮೇಲೆ ಒಣ ತೂಕ ತೆಗೆಯುತ್ತೇವೆ. ನಿಯಮ ಬಿಡಬಾರದೆಂದು ಮೂಟೆ ತೂಗುವ ಮಾಪಕದ ಮೇಲೆ ಕಾಂಪೌಂಡರನ್ನು ಆಟಕ್ಕೆ ಮೊದಲೊಂದು ಸಲ, ಆಟ ಮುಗಿದ ಮೇಲೊಂದು ಸಲ ನಿಲ್ಲಿಸಿದೆ. ಯಾಕೆ ಏನು ಅಂತ ಕೇಳದೆ ನಿಂತರು, ಒಳ್ಳೆಯವರು. ಬಿಸಿಲಲ್ಲಿ ಅಷ್ಟು ಹೊತ್ತು ಇದ್ದೂ ಅರ್ಧ ಕೆಜಿ ಏರಿದ್ದರು. ಹಾಫ್ ಟೈಮಿನಲ್ಲಿ ಆರು ಬಾಳೆಹಣ್ಣು ತಿಂದಿದ್ದರಂತೆ. ಒಣಗಿದ ಮೇಲೆ ತೂಕ ಹೆಚ್ಚಿದ ಬೆಳೆಯನ್ನು ನಾನು ನೋಡಿದ್ದು ಅದೇ ಮೊದಲು.

ಸೊನ್ನೆ

ರಿಪೋರ್ಟ್ ನಾಲ್ಕು ಪುಟ ಆಯಿತು. ಅದನ್ನು ಕ್ಯಾಪ್ಟನ್ ತಾವೇ ಓದಬಹುದಿತ್ತು. ಅವರ ಮನೆಯಲ್ಲೂ ಒಂದು ಹಸು ಇದ್ದದ್ದರಿಂದ ನನ್ನ ಕೈಯಲ್ಲಿ ಓದಿಸಿದರು. ಹೊಂಗೆಮರದ ಕೆಳಗೆ ಇಡೀ ತಂಡ ಕೂತಿತ್ತು. ಕಾಂಪೌಂಡರು ಮುಂದಿನ ಸಾಲಿನಲ್ಲೇ ಇದ್ದರು.

"ಹೊಡೆದ ಗೋಲು, ಸೊನ್ನೆ. ಗೋಲಿನ ಕಡೆ ಬಾರಿಸಿದ ಚೆಂಡು, ಸೊನ್ನೆ. ಕೊಟ್ಟ ಪಾಸು, ಸೊನ್ನೆ. ಕಟ್ಟಿದ ಶೂ ಲೇಸು, ಒಂದು" ಅಂತ ಓದಿದೆ.

ಹಸು ಇದ್ದ ಒಂಬತ್ತು ಜನರೂ ಮರದ ಎಲೆ ನೋಡುತ್ತಿದ್ದರು. ಒಬ್ಬರು ಕಾಂಪೌಂಡರಿಗೆ ಕೇಳಿಸುವಷ್ಟು ಜೋರಾಗಿ, "ಇದೇನ್ ಸಾ, ಮನ್ಸುನ್ ಬಗ್ಗೆ ಇಂಗೆಲ್ಲ ಬರೀತಾರಾ?" ಅಂದರು. ಹೋದ ವಾರ ನನ್ನ ಮೇಜಿಗೆ ಬಂದು, ಸ್ವಲ್ಪ ಖಾರವಾಗೇ ಬರೀರಿ ಸಾ ಅಂದವರು ಅವರೇ.

ಕಾಂಪೌಂಡರು ಮಾತ್ರ ಕೋಪ ಮಾಡಿಕೊಳ್ಳಲಿಲ್ಲ. ಕಾಗದ ಇಸಿದುಕೊಂಡು ಪೂರ್ತಿ ಓದಿ, "ಎಣ್ಕೆ ಸರ್ಯಾಗದೆ ಸಾ" ಅಂದರು. ಆಮೇಲೆ ನನ್ನ ಜೊತೆ ಬಸ್ ಸ್ಟ್ಯಾಂಡಿನವರೆಗೂ ನಡೆದು ಬಂದರು. ಅಲ್ಲಿ ನಿಂತು ಹೇಳಿದರು:

"ಬರೋ ವರ್ಸ ರಿಟೈರು ಸಾ. ಇದೇ ಕಡೇ ಆಟ. ಪ್ರತಿ ವರ್ಸ ಆಟ ಮುಗುಸ್ಕಂಡ್ ಮನೆಗೋದ್ರೆ ನಮ್ಮನೆಯವ್ಳು ಬಾಗಿಲಲ್ಲೇ ಕೇಳ್ತಾಳೆ, 'ಒಡುದ್ರಾ?' ಅಂತ. 'ಇಲ್ಲ ಕಣೆ' ಅಂತೀನಿ. 'ಓಗ್ಲಿ, ಕೈಕಾಲ್ ತೊಳ್ಕಳಿ' ಅಂತಾಳೆ. ಅನ್ನೊಂದ್ ವರ್ಸದಿಂದ ಇದೇಯ. ಒಂದೇ ಒಂದ್ ಸಲ 'ಊಂ' ಅಂದ್ಬುಡ್ಬೇಕು ಅಂತ ಆಸೆ. ಅಷ್ಟೇಯ."

ನಾನು ಬೆಳೆ ಹೋದ ವರ್ಷಗಳಲ್ಲಿ ಎಷ್ಟೋ ಸೊನ್ನೆ ಬರೆದಿದ್ದೇನೆ. ಈ ಸೊನ್ನೆ ನೋಡಿ ಮಾತ್ರ ನನಗೆ ನಿಜಕ್ಕೂ ಸಂಕಟವಾಯಿತು. ಏನಾದರೂ ಸಮಾಧಾನ ಹೇಳಬೇಕಲ್ಲ, "ಇದು ಬರೀ ಸ್ಯಾಂಪಲ್ಲು, ಐದು ಮೀಟರ್ ಚೌಕದ್ದು ಮಾತ್ರ" ಅಂದೆ.

ಅವರ ಮುಖ ಅರಳಿತು. "ಪೂರ್ತಿ ಗ್ರೌಂಡಿಂದು ಆಕುದ್ರೆ ಜಾಸ್ತಿ ಬತ್ತದಾ ಸಾ?"

ಅಭ್ಯಾಸಬಲ, ಅಲ್ಲೇ ನಿಂತು ಸೊನ್ನೆಯನ್ನು ಎಕರೆಗೆ ಗುಣಿಸಿದೆ. "ಅಷ್ಟೇ ಬರುತ್ತೆ" ಅಂದೆ.

ಹಾಫ್ ಟೈಮಿನ ಸಾಲು

ಕ್ರೀಡಾಕೂಟಕ್ಕೆ ಮೂರು ವಾರ ಇದ್ದಾಗ ನರಸೀಪುರದಲ್ಲಿ ಒಂದು ಅಭ್ಯಾಸ ಪಂದ್ಯ ಇಟ್ಟುಕೊಂಡೆವು. ರಿಪೋರ್ಟಿನ ಪ್ರಕಾರ ಕಾಂಪೌಂಡರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಅವರ ಜಾಗಕ್ಕೆ ತಾಲ್ಲೂಕು ಕಚೇರಿಯ ಕಂಪ್ಯೂಟರ್ ಆಪರೇಟರ್ ಹುಡುಗನನ್ನು ಇಳಿಸಿದರು. ಗಾಳಿಯ ಹಾಗೆ ಓಡುತ್ತಿದ್ದ. ನನ್ನ ಚೌಕದೊಳಗೆ ಅವನು ಎಂಟು ಸಲ ಬಂದು ಹೋಗಿದ್ದ.

ಹಾಫ್ ಟೈಮಿಗೆ ನರಸೀಪುರ ನಾಲ್ಕು, ನಾವು ಸೊನ್ನೆ.

ಕಾರಣ ಕಣ್ಣಿಗೆ ಕಾಣುತ್ತಿತ್ತು. ಅವರ ಹಿಂಭಾಗದ ಇಬ್ಬರು, ಒಬ್ಬರು ಸರ್ವೆಯರು, ಇನ್ನೊಬ್ಬರು ರೇಷ್ಮೆ ಇಲಾಖೆಯವರು, ಚೆಂಡನ್ನು ನಮ್ಮಿಂದ ಕಿತ್ತು ಮುಂದಕ್ಕೆ ಬಾರಿಸುತ್ತಲೇ ಇದ್ದರು. ಅವರಿಬ್ಬರೂ ಹನ್ನೊಂದು ವರ್ಷದಿಂದ ಅದೇ ತಂಡದಲ್ಲಿದ್ದಾರೆ. ಆದರೆ ಅವರು ಹಾಕಿ ಆಡುವುದನ್ನು ನಾವು ನೋಡಿದ್ದು ಆವತ್ತೇ.

ಸೀಟಿ ಊದಿದ ಕೂಡಲೇ ನಮ್ಮವರು ನೀರಿಗೆ ಹೋದರು. ನರಸೀಪುರದವರು ನೀರಿಗೆ ಹೋಗಲಿಲ್ಲ. ಸೀದಾ ನಮ್ಮ ಬೆಂಚಿನ ಹತ್ತಿರ ಬಂದು ಕಾಂಪೌಂಡರ ಮುಂದೆ ಸಾಲಾಗಿ ನಿಂತರು. ಹಿಂದೆ ನರಸೀಪುರ ತಾಲ್ಲೂಕಿನ ಹೆಮ್ಮಿಗೆ ಕಡೆ ಒಂಬತ್ತು ವರ್ಷ ಕೆಲಸ ಮಾಡಿದ್ದ ಕಾಂಪೌಂಡರಿಗೆ ಆ ತಂಡದ ಆಟಗಾರರ ಹೆಸರು ಸರಿಯಾಗಿ ಗೊತ್ತಿರಲಿಲ್ಲ, ಅವರ ಮನೆಯ ದನಗಳೆಲ್ಲ ಬಣ್ಣ ಸಮೇತ ಗೊತ್ತಿದ್ದವು.

"ಡಾಕ್ಟ್ರೇ, ಎಮ್ಮೆ ಎಲ್ಡ್ ದಿನದಿಂದ ಮೇವ್ ಮುಟ್ತಿಲ್ಲ."

"ಯಾವ್ದು, ಕೊಂಬು ಮುರುದಿರೋದಾ? ಮೆಲುಕ್ ಆಕ್ತದಾ?"

ಹೀಗೆ ಒಬ್ಬೊಬ್ಬರಿಗೂ ಹೇಳುತ್ತ, ಮಂಡಿಯ ಮೇಲೆ ಚೀಟಿ ಇಟ್ಟು ಔಷಧ ಬರೆದುಕೊಡುತ್ತಿದ್ದರು. ನಾನು ಸಾಲಿನಲ್ಲಿದ್ದ ಸರ್ವೆಯರ ಹತ್ತಿರ ಹೋಗಿ, "ನೀವು ಇಷ್ಟು ಚೆನ್ನಾಗಿ ಆಡ್ತೀರಾ ಅಂತ ಗೊತ್ತೇ ಇರಲಿಲ್ಲ" ಅಂದೆ.

"ಆಡಕ್ಕೆ ಎಲ್ ಪುರ್ಸೊತ್ತು ಸಾ?" ಅಂದರು ಅವರು. "ಡಾಕ್ಟ್ರು ಕೈಗ್ ಸಿಗೋದೇ ವರ್ಸಕ್ಕೊಂದ್ ದಿನ. ಅವ್ರ್ ನಮ್ ಗೋಲ್ ಮುಂದೆನೇ ನಿಂತಿರ್ತಾರೆ. ಆಚೀಚೆ ನಿಂತ್ಕಂಡು ಎಲ್ಲಾ ಕೇಳ್ಕಬುಡ್ತೀವಿ. ಈ ಸಲ ಅವ್ರ್ನ ಯಾಕೆ ಒರಗಡೆ ಕೂರ್ಸಿದ್ದೀರಿ? ಕೆಲ್ಸ ಇಲ್ದೆ ಆಡ್ಬೇಕಾಯ್ತು."

ಅಭ್ಯಾಸದಂತೆ ಸಾಲು ಎಣಿಸಿದೆ. ಏಳು ಆಟಗಾರರು. ಹಾಫ್ ಟೈಮ್ ಹತ್ತು ನಿಮಿಷ ಅಂತ ಇದ್ದದ್ದು ಅರ್ಧ ಗಂಟೆಯಾದರೂ ಮುಗಿಯಲಿಲ್ಲ. ಸೀಟಿ ಯಾಕೆ ಊದುತ್ತಿಲ್ಲ ಅಂತ ಅಂಪೈರನ್ನು ಹುಡುಕಿದೆ. ಸಾಲಿನಲ್ಲಿ ಎಂಟನೆಯವರು ಅವರೇ.

ನಾಲ್ಕು ಹಸು, ಮೂರು ಎಮ್ಮೆ

ಆವತ್ತು ಏಳು ಸೊನ್ನೆಯಲ್ಲಿ ಸೋತು ಬಂದ ಮೇಲೆ ನನ್ನ ತಪ್ಪು ನನಗೆ ತಿಳಿಯಿತು. ಆ ಮನುಷ್ಯ ಏನು ಮಾಡಿದರು ಅಂತ ಎಣಿಸಿದ್ದೆ. ಅವರಿದ್ದದ್ದರಿಂದ ಬೇರೆಯವರು ಏನು ಮಾಡದೆ ಹೋದರು ಅನ್ನುವುದನ್ನು ಎಣಿಸಿರಲಿಲ್ಲ.

ಕ್ಯಾಪ್ಟನ್ ಬಳಿ ಇದ್ದ ಹಳೆಯ ಸ್ಕೋರ್ ಹಾಳೆಗಳನ್ನೆಲ್ಲ ತರಿಸಿದೆ. ಕಾಂಪೌಂಡರು ಆಡಿದ ಆಟಗಳಲ್ಲಿ ನರಸೀಪುರದವರು ನಮಗೆ ಒಂದು ಗೋಲು, ಹೆಚ್ಚೆಂದರೆ ಎರಡು ಹೊಡೆದಿದ್ದರು. ಅದೇ ಮೈಸೂರಿನ ನಗರದ ತಂಡದ ಎದುರು, ಎಲ್ಲರೂ ಕೊಟ್ಟಿಗೆ ಇಲ್ಲದ ಮಹಡಿ ಮನೆಯವರು, ಕಾಂಪೌಂಡರಿದ್ದರೂ ಒಂಬತ್ತು ತಿಂದಿದ್ದೆವು. ದನಗಳ ಗಣತಿಯ ಅನುಭವವನ್ನೆಲ್ಲ ಖರ್ಚು ಮಾಡಿ, ಎದುರಾಳಿ ಆಟಗಾರರ ಮನೆಯ ಕೊಟ್ಟಿಗೆಯಲ್ಲಿ ಏನೇನಿದೆ ಅಂತ ಫೋನಿನಲ್ಲೇ ವಿಚಾರಿಸಿ ಪಟ್ಟಿ ಮಾಡಿ, ಎರಡನೆಯ ರಿಪೋರ್ಟ್ ಬರೆದೆ. ಈಗಲೂ ಅದು ನನ್ನ ಅತ್ಯುತ್ತಮ ಕೆಲಸ ಅಂತ ನನಗೆ ಅನ್ನಿಸುತ್ತದೆ. ಅದರ ಕೊನೆಯ ಸಾಲು ಹೀಗಿತ್ತು: "ಸದರಿ ಆಟಗಾರರ ಮೌಲ್ಯವು ಎದುರಾಳಿಯ ಕೊಟ್ಟಿಗೆಯನ್ನು ಅವಲಂಬಿಸಿರುತ್ತದೆ. ಟಿ. ನರಸೀಪುರದ ಎದುರು ಸದರಿ ಮೌಲ್ಯ: ನಾಲ್ಕು ಹಸು, ಮೂರು ಎಮ್ಮೆ, ಒಂದು ಜೊತೆ ಎತ್ತು."

ಕ್ಯಾಪ್ಟನ್ ಎರಡು ಸಲ ಓದಿದರು. "ಆಡಿಸಬೇಕಾ, ಬೇಡವಾ? ಅಷ್ಟು ಹೇಳಿ."

"ಆಡಿಸಿ. ಮಾತಾಡಲು ಬಿಡಿ."

ಹನ್ನೊಂದು ವರ್ಷ ಸ್ಟಿಕ್ ಹಿಡಿಯುವುದನ್ನು ಕಲಿಸಿದ ಮನುಷ್ಯ ರಿಪೋರ್ಟನ್ನು ಮಗುಚಿ ನನ್ನ ಮುಂದಿಟ್ಟರು. "ಕೊಡಗಿಗೆ ಹೋದಾಗ ಇದನ್ನ ಯಾರಿಗೂ ಹೇಳೋ ಹಾಗಿಲ್ಲ" ಅಂದರು.

ರಿಪೋರ್ಟನ್ನು ನಾನೇ ದನದಾಸ್ಪತ್ರೆಗೆ ತೆಗೆದುಕೊಂಡು ಹೋಗಿ ಕಾಂಪೌಂಡರಿಗೆ ತೋರಿಸಿದೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಮೊದಲು ಪಟ್ಟರು ಕೂಡ. ಕೊನೆಯ ಸಾಲಿಗೆ ಬಂದಾಗ ಮುಖ ಇಳಿಯಿತು.

"ಇದ್ರಲ್ಲಿ ನನ್ ಆಟದ್ ಮಾತೇ ಇಲ್ವಲ್ಲ ಸಾ."

"ನಿಮ್ಮ ಮೌಲ್ಯ ಎಷ್ಟು ದೊಡ್ಡದು ನೋಡಿ!"

"ಅದು ಅಸೂಗಳ್ದು. ನಂದಲ್ಲ." ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡರು. "ಕಡೇ ಆಟ ಸಾ ಇದು. ಈ ಸಲ ಗ್ರೌಂಡ್ನಲ್ಲಿ ಯಾರ್ಗೂ ಉತ್ರ ಏಳಕಿಲ್ಲ. ಆಡ್ತೀನಿ. ಯಾವ್ ಅಸು ಏನಾರ ಆಗ್ಲಿ..." ಅಂದವರು ಅಲ್ಲಿಗೇ ನಿಲ್ಲಿಸಿ, ಎರಡೂ ಕೆನ್ನೆ ತಟ್ಟಿಕೊಂಡು, "ಆಟ ಮುಗುದ್ ಮ್ಯಾಕೆ ಏಳ್ತೀನಿ" ಅಂದರು.

ಒಂದು

ಪಂದ್ಯ ನಂಜನಗೂಡಿನಲ್ಲೇ ನಡೆಯಿತು. ಕಾಂಪೌಂಡರು ಎಂದಿನ ಜಾಗಕ್ಕೆ, ನರಸೀಪುರದ ಗೋಲಿನ ಮುಂದೆ ಹೋಗಿ ನಿಂತರು. ಸರ್ವೆಯರು ಕೂಡಲೇ ಪಕ್ಕಕ್ಕೆ ಬಂದರು. "ಡಾಕ್ಟ್ರೇ, ನೀವ್ ಏಳಿದ್ ಪುಡಿ ಆಕುದ್ವಿ, ಆದ್ರೂ ಎಮ್ಮೆ..."

ಕಾಂಪೌಂಡರು ತುಟಿ ಬಿಗಿಹಿಡಿದು ಚೆಂಡನ್ನೇ ನೋಡುತ್ತಿದ್ದರು. ಸರ್ವೆಯರು ಇನ್ನೊಂದು ಸಲ ಕೇಳಿದರು. ರೇಷ್ಮೆಯವರು ಒಂದು ಸಲ ಕೇಳಿದರು. ಉತ್ತರವಿಲ್ಲ. ಇಬ್ಬರಿಗೂ ಬೇಜಾರಾಯಿತು. ಬೇಜಾರಿನಲ್ಲಿ ಆಡತೊಡಗಿದರು.

ಹಾಫ್ ಟೈಮಿಗೆ ಮೂರು ಸೊನ್ನೆ. ಆಟದ ನಡುವೆಯೇ ಕ್ಯಾಪ್ಟನ್ ಮೈದಾನದ ಮಧ್ಯದಿಂದ, "ಕಾಂಪೌಂಡ್ರೇ, ಮಾತಾಡಿ! ಏನಾದರೂ ಮಾತಾಡಿ!" ಅಂತ ಕೂಗುತ್ತಿದ್ದರು. ಒಬ್ಬ ಕ್ಯಾಪ್ಟನ್ ತನ್ನ ಆಟಗಾರನಿಗೆ ಹೀಗೆ ಅಂಗಲಾಚುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಕಾಂಪೌಂಡರು ಮಾತಾಡಲಿಲ್ಲ, ಓಡಿದರು. ಪ್ರತಿ ಚೆಂಡಿನ ಹಿಂದೆ ಓಡಿದರು. ಪ್ರತಿ ಚೆಂಡೂ ದಾಟಿದ ಮೇಲೆ ಸರಿಯಾಗಿ ಆ ಜಾಗ ತಲುಪುತ್ತಿದ್ದರು. ಮೂರು ಸಲ ಸ್ಟಿಕ್ ಎತ್ತಿ ಬೀಸಿದರು, ಮೂರೂ ಸಲ ಹುಲ್ಲು ಹಾರಿತು. ಬೆವರು ಸೋರಿ ಬನಿಯನ್ನು ಬೆನ್ನಿಗೆ ಅಂಟಿತ್ತು. ಎಣಿಸುವವನು ಪಕ್ಷ ವಹಿಸಬಾರದು, ನನಗೆ ಗೊತ್ತಿದೆ. ಆದರೂ ಗೆರೆಯ ಆಚೆ ಹಾಳೆ ಹಿಡಿದು ನಿಂತಿದ್ದ ನಾನು, ನಂಜುಂಡೇಶ್ವರನಿಗೆ ಒಂದು ಉರುಳುಸೇವೆ ಹೇಳಿಕೊಂಡೆ. ಒಂದು ಗೋಲಿಗೆ ಒಂದು ಉರುಳು, ಅಷ್ಟೇ. ಕಾಂಪೌಂಡರ ಹಳೆಯ ದಾಖಲೆ ನೋಡಿದರೆ ಅಪಾಯವೇನಿರಲಿಲ್ಲ.

ಆಟ ಮುಗಿಯಲು ನಾಲ್ಕು ನಿಮಿಷವಿತ್ತು. ನರಸೀಪುರದ ಗೋಲ್‌ಕೀಪರು ಹೆಮ್ಮಿಗೆಯವರು, ಕಂದಾಯ ಇಲಾಖೆಯವರು. ಕಾಲಿಗೆ ದಿಂಬಿನಂಥ ಪ್ಯಾಡು, ಮುಖಕ್ಕೆ ಜಾಲರಿ. ಗೋಲುಕಂಬದ ಬುಡದಲ್ಲಿ ಅವರ ಫೋನು ಬೆಳಗಿನಿಂದ ಕಾಯುತ್ತಿತ್ತು, ಮನೆಯ ಹಸುವಿಗೆ ನೋವು ಶುರುವಾಗಿತ್ತಂತೆ. ಅದು ಈಗ ಬಡಿದುಕೊಂಡಿತು. ಕೈಗವಸು ಕಿತ್ತೆಸೆದು ಫೋನನ್ನು ಜೋರು ಮಾಡಿದರು. ಹೆಂಡತಿಯ ಅಳು ನಾನು ನಿಂತಿದ್ದ ಗೆರೆಯವರೆಗೂ ಕೇಳಿಸಿತು.

"ಡಾಕ್ಟ್ರೇ" ಅಂದರು ಗೋಲ್‌ಕೀಪರು, ಜಾಲರಿಯೊಳಗಿಂದಲೇ ಅಳುತ್ತ. "ಕರೂದ್ ಒಂದೇ ಕಾಲ್ ಬಂದದಂತೆ. ಇನ್ನೊಂದು ಒಳಗೇ ಮಡಚ್ಕಂಡದಂತೆ. ಎಳೀತಾವ್ರಂತೆ."

ಕಾಂಪೌಂಡರು ಚೆಂಡಿನ ಕಡೆ ನೋಡಿದರು. ನನ್ನ ಕಡೆ ನೋಡಿದರು. ಆಮೇಲೆ ಆಟಕ್ಕೆ ಬೆನ್ನು ತಿರುಗಿಸಿ ಗೋಲಿನ ಬಾಯಿಗೇ ಹೋದರು.

"ಎಳೀಬ್ಯಾಡಿ ಅನ್ನು!" ಅಂತ ಗುಡುಗಿದರು. "ಯಾರೂ ಎಳೀಬ್ಯಾಡಿ! ತಾಯವ್ವಾ, ಕೇಳಿಸ್ತದಾ? ಕೈಗೆ ಎಣ್ಣೆ ಅಚ್ಕಳಿ. ಕರೂನ ಮೊದ್ಲು ಒಳಕ್ಕೆ ತಳ್ಳಿ." ಗೋಲ್‌ಕೀಪರಿಗೆ ತಿಳಿಯಲೆಂದು ಸ್ಟಿಕ್ಕನ್ನೇ ಕರುವಿನ ಕಾಲು ಮಾಡಿಕೊಂಡು, ಬಗ್ಗಿ ನೆಲದ ಹತ್ತಿರ ಹಿಡಿದು ತೋರಿಸತೊಡಗಿದರು. "ನೋಡು, ಇಂಗೆ ಒಳಕ್ ತಳ್ಕಂಡು, ಗೊರಸ್ನ ಅಂಗೈಲಿ ಮುಚ್ಕಂಡು, ಇಂಗೆ ಮೆತ್ಗೆ..."

ಅದೇ ಹೊತ್ತಿಗೆ ಈ ಸಲ ಬಲಗಡೆ ಆಡುತ್ತಿದ್ದ ಆಪರೇಟರ್ ಹುಡುಗ ಚೆಂಡನ್ನು ಜೋರಾಗಿ ಗೋಲಿನ ಮುಂದಕ್ಕೆ ಬಾರಿಸಿದ.

"...ತಿರುಗುಸ್ಬೇಕು" ಅಂದರು ಕಾಂಪೌಂಡರು. ಸ್ಟಿಕ್ ತಿರುಗಿತು. ಚೆಂಡು ಬಂದು ಅದಕ್ಕೆ ತಾಗಿ, ಫೋನಿಗೆ ಬಗ್ಗಿದ್ದ ಗೋಲ್‌ಕೀಪರ ಪಕ್ಕದಲ್ಲಿ ಹಾದು ಬಲೆಗೆ ಹೋಯಿತು.

ಅಂಪೈರ್ ಸೀಟಿ ಊದಿದರು. ನರಸೀಪುರದಲ್ಲಿ ಎಂಟನೆಯವರಾಗಿ ನಿಂತಿದ್ದವರೇ ಇಲ್ಲೂ ಅಂಪೈರ್. ಕಾಂಪೌಂಡರು ತಿರುಗಿಯೂ ನೋಡದೆ, "ವಸಿ ತಡೀರಿ ಸಾ, ಕಾಲ್ ಸಿಕ್ತಾ ಅದೆ!" ಅಂತ ಗದರಿದರು. ಅಂಪೈರ್ ಸೀಟಿ ಬಾಯಿಂದ ತೆಗೆದು ತಾವೂ ಬಗ್ಗಿ ಫೋನಿಗೆ ಕಿವಿ ಕೊಟ್ಟರು.

ಎರಡೂ ತಂಡಗಳು ಗೋಲಿನ ಸುತ್ತ ಸೇರಿದವು. ಫೋನಿನಿಂದ, "ಬಂತು, ಎರಡ್ ಕಾಲೂ ಬಂತು" ಅಂತ ಕೇಳಿಸಿತು. ಆಮೇಲೆ ತುಂಬ ಹೊತ್ತು ಬರೀ ಏದುಸಿರು. ಆಮೇಲೆ, "ಎಣ್ಗರ ಕಣ್ರೀ!" ಹೆಣ್ಣುಕರುವಿಗೆ ಇಪ್ಪತ್ತೆರಡು ಜನ ಚಪ್ಪಾಳೆ ತಟ್ಟಿದರು. ಕಾಂಪೌಂಡರು ಏನೂ ಅಂಟದ ಕೈಯನ್ನು ಅಭ್ಯಾಸದಂತೆ ಚಡ್ಡಿಗೆ ಒರೆಸಿಕೊಂಡು ಎದ್ದು ನಿಂತು, "ಯಾಕೆ ಆಟ ನಿಲ್ಸಿದ್ದೀರಿ?" ಅಂತ ಕೇಳಿದರು.

"ಗೋಲಾಯ್ತು" ಅಂದರು ಕ್ಯಾಪ್ಟನ್.

"ಯಾರು ಒಡುದ್ರು?"

ಎಲ್ಲರೂ ಅವರ ಕಡೆ ಕೈ ತೋರಿಸಿದರು. ಅವರು ತಿರುಗಿ ತಮ್ಮ ಹಿಂದೆ ಯಾರಿದ್ದಾರೆ ಅಂತ ನೋಡಿದರು. ಹಿಂದೆ ಇದ್ದದ್ದು ಬಲೆ, ಬಲೆಯಲ್ಲಿ ಚೆಂಡು. ಅದನ್ನೇ ನೋಡುತ್ತ ನಿಂತುಬಿಟ್ಟರು. ಅವರ ಕಣ್ಣು ತುಂಬಿತು, ಕ್ಯಾಪ್ಟನ್ ಕಣ್ಣೂ ತುಂಬಿತು. ನನಗೂ ಹಾಳೆಯಲ್ಲಿ ಅಂಕಿ ಕಾಣಲಿಲ್ಲ. ಗೋಲ್‌ಕೀಪರು ಚೆಂಡನ್ನು ಎತ್ತಿ ತಂದು, ಎರಡೂ ಕೈಯಲ್ಲಿ ಕಾಂಪೌಂಡರಿಗೆ ಕೊಟ್ಟು, "ಡಾಕ್ಟ್ರೇ, ಕರ ಆಯ್ತು, ಇನ್ನು ಮಾಸು ಎಷ್ಟೊತ್ಗೆ ಬೀಳ್ಬೇಕು?" ಅಂತ ಕೇಳಿದರು.

ಮೂರು ಒಂದರಲ್ಲಿ ಸೋತೆವು. ಸೋತವರು ನಾವೇ ಅಂತ ನೋಡಿದವರಿಗೆ ಗೊತ್ತಾಗುವಂತಿರಲಿಲ್ಲ. ಕಾಂಪೌಂಡರು ಮನೆ ತಲುಪುವವರೆಗೂ ಕಾಯಲಿಲ್ಲ, ಮೈದಾನದಿಂದಲೇ ಹೆಂಡತಿಗೆ ಫೋನ್ ಹಚ್ಚಿದರು. ಅವರು ಕೇಳುವ ಮೊದಲೇ, "ಊಂ ಕಣೆ! ಒಡುದೆ!" ಅಂದರು.

ಆ ಕಡೆಯಿಂದ, "ಯಾರ್ಗೆ?" ಅಂತ ಕೇಳಿಸಿತು.

"ಗೋಲ್ ಕಣೆ! ನಂಬಿಕೆ ಇಲ್ದಿದ್ರೆ ಇಲ್ಲಿ ಸಾ ಅವ್ರೆ ಕೇಳು. ಸರ್ಕಾರದ ಕಡೆಯಿಂದ ಎಣ್ಸೋರೇ ಅವ್ರು" ಅಂತ ಫೋನನ್ನು ನನ್ನ ಕಿವಿಗೆ ಒತ್ತಿದರು.

"ನಿಜಾನಾ ಸಾ?"

"ನಿಜ ಕಣಮ್ಮ. ನಾನೇ ಎಣಿಸಿ ಬರೆದಿದ್ದೀನಿ."

"ಅಕ್ಕಾ, ಒಡುದ್ರಂತೆ ಕಣಕ್ಕಾ!" ಅಂತ ಆಕೆ ಪಕ್ಕದ ಮನೆಗೆ ಕೂಗಿ ಹೇಳಿದ್ದು ಕೇಳಿಸಿತು. ದನಿ ಸಂತೋಷಕ್ಕೆ ಒಡೆದಿತ್ತು. ಮತ್ತೆ ಫೋನಿಗೆ ಬಂದರು. "ಎಷ್ಟ್ ಒಡುದ್ರು ಸಾ?"

"ಒಂದು" ಅಂದೆ, ಹೆಮ್ಮೆಯಿಂದ.

"ಒಂದಾ?" ಅಂದರು ಆಕೆ. "ಒಂದ್ ಎಣ್ಸಕ್ಕೆ ಸರ್ಕಾರ ನಿಮ್ಮನ್ನ ಕೆಲ್ಸಕ್ ಮಡೀಕಂಡದಾ ಸಾ?"